ಸಕ್ಕರೆಯನ್ನು ಹೊಯ್ಗೆ ಮಾಡುವ ಎಲೆ

೧೪ ನವೆಂಬರ್ ೨೦೦೮, ಶುಕ್ರವಾರ

ಕುಂದಾಪುರದ ಡಾಕ್ಟರು ಇವತ್ತು ನನ್ನನ್ನು ಶಾಲೆ ಮಕ್ಕಳಿಗೆ ಬೈದ ಹಾಗೆ ಬೈದರು. ನನಗೆ ಐವತ್ತಾರು, ಅವರಿಗೆ ಮೀಸೆ ಈಗಷ್ಟೇ ದಪ್ಪವಾಗುತ್ತಿದೆ. ರಕ್ತದ ರಿಪೋರ್ಟನ್ನು ಮೇಜಿನ ಮೇಲಿಟ್ಟು, "ಮಯ್ಯರೇ, ಗುಳಿಗೆ ಸಮಾ ತಕಂತಿಲ್ಯಾ? ಸಿಹಿ ತಿಂತ್ರ್ಯಾ?" ಎಂದು ಕೇಳಿದರು.

"ಸಿಹಿ ಮಾಡುದ್ ನನ್ ಕೆಲ್ಸ, ತಿಂಬುದಲ್ಲ" ಎಂದೆ. ಅರ್ಧ ಸುಳ್ಳು. ಎಲ್ಲರ ಊಟ ಮುಗಿದ ಮೇಲೆ ಕೊಪ್ಪರಿಗೆಯ ತಳದಲ್ಲಿ ಅಂಟಿಕೊಂಡ ಕಡಲೆಬೇಳೆ ಹಯಗ್ರೀವವನ್ನು ಸಟ್ಟುಗದಲ್ಲಿ ಕೆರೆದು ತಿನ್ನುವುದುಂಟಲ್ಲ, ಅದನ್ನು ಬಿಟ್ಟವ ಅಡಿಗೆಯವನೇ ಅಲ್ಲ. ಡಾಕ್ಟರಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು.

ಪಾದ ಉರಿಯುತ್ತದೆ, ಮಲಗಿದರೆ ಕೆಂಡದ ಮೇಲೆ ಇಟ್ಟ ಹಾಗಾಗುತ್ತದೆ ಎಂದೂ ಹೇಳಿದೆ. ಅದೂ ಸಕ್ಕರೆ ಕಾಯಿಲೆಯದ್ದೇ ಅಂತೆ. ಗುಳಿಗೆ ಹೆಚ್ಚು ಮಾಡಿದರು. ಇದಕ್ಕೂ ಬಗ್ಗದಿದ್ದರೆ ಇಂಜೆಕ್ಷನ್ ಎಂದರು. ಬರಿಗಾಲಲ್ಲಿ ನಡೆಯಬಾರದು ಎಂದರು. ನನಗೆ ನಗು ಬಂತು. ಮಡಿಯಲ್ಲಿ ಒಲೆ ಬುಡದಲ್ಲಿ ನಿಂತು ದೇವರ ನೈವೇದ್ಯ ಬೇಯಿಸುವವ ಬೂಟು ಹಾಕಿಕೊಂಡು ನಿಲ್ಲಬೇಕಂತೆ!

ಮನೆಗೆ ಬಂದರೆ ಬಿಜೂರಿನ ಸುಬ್ಬಣ್ಣ ಅಡಿಗರ ಫೋನು. ಮಾರ್ಚ್ ಒಂದಕ್ಕೆ ಮೊಮ್ಮಗನ ಉಪನಯನ. "ಹಯಗ್ರೀವ ನಿಮ್ ಕೈದೇ ಆಯ್ಕ್ ಮಯ್ಯರೇ, ಬೇರೆಯವ್ರದ್ ಬ್ಯಾಡ" ಎಂದರು. ಬರುತ್ತೇನೆ ಎಂದು ಮಾತು ಕೊಟ್ಟೆ.

ಪಕ್ಕದಲ್ಲೇ ಪದ್ದು ಕೂತಿದ್ದ. ಪದ್ದು ಅಂದರೆ ನನ್ನ ಹೆಂಡತಿ ವನಮಾಲೆಯ ತಮ್ಮ ಪದ್ಮನಾಭ. ಮೀಸೆ ಬರುವ ಮೊದಲೇ ನನ್ನ ಕೈಕೆಳಗೆ ಬಂದವ, ಈಗ ಅವನ ತಲೆಯಲ್ಲೂ ಬಿಳಿ ಕೂದಲು. "ಭಾವ, ಈ ಸಲ ಒಲೆ ಬುಡ ನಾ ಕಂಡ್ಕಂತೆ. ನೀವ್ ಕುರ್ಚಿ ಮೇಲ್ ಕೂಕಂಡ್ ಹೇಳಿ, ಸಾಕ್" ಎಂದ. ಎಷ್ಟು ಪ್ರೀತಿ! ಒಮ್ಮೆ ಕುರ್ಚಿಯ ಮೇಲೆ ಕೂತ ಅಡಿಗೆಯವನನ್ನು ಮತ್ತೆ ಯಾರೂ ಎಬ್ಬಿಸಿ ಒಲೆ ಹತ್ತಿರ ಕರೆಯುವುದಿಲ್ಲ. ಬಿಜೂರಿನಲ್ಲಿ ನಾನು ಕೂತರೆ ಅಲ್ಲಿಗೆ ಮಯ್ಯರ ಸಟ್ಟುಗ ಪದ್ದುವಿನ ಸಟ್ಟುಗವಾಗುತ್ತದೆ. ನಾನು ಕೂರುವುದಿಲ್ಲ.

೨೦ ನವೆಂಬರ್, ಗುರುವಾರ

ಇವತ್ತು ಒಂದು ವಿಚಿತ್ರ ಆಯಿತು. ಬಾಳೆಲೆ ತಂದುಕೊಡುವ ಸೋಮ ಅಂಗಳದಲ್ಲಿ ಕಟ್ಟು ಇಳಿಸುತ್ತಿದ್ದವ, ನಮ್ಮ ಬೇಲಿಯ ಮೇಲೆ ಹಬ್ಬಿದ ಬಳ್ಳಿಯಿಂದ ಎರಡು ಎಲೆ ಕಿತ್ತು ಕೊಟ್ಟ. "ಅಯ್ಯ, ಇದನ್ನ್ ಅಗ್ದ್ ಕಾಣಿ. ಕಡಿಕೆ ಸಕ್ರೆ ತಿನ್ನಿ" ಎಂದ. ಅಗಿದೆ. ಕಹಿ, ಸ್ವಲ್ಪ ಒಗರು. ಬಾಯಿ ತೊಳೆದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಹೊಯ್ಗೆ, ಬರೀ ಮರಳು! ಸಿಹಿಯ ಸುಳಿವೇ ಇಲ್ಲ, ಹಲ್ಲಿನ ಅಡಿಯಲ್ಲಿ ಕರಕರ ಶಬ್ದ ಮಾತ್ರ.

ಬೆಲ್ಲ ತಿಂದೆ, ಮಣ್ಣಿನ ಹೆಂಟೆ. ಬಾಳೆಹಣ್ಣು ಹಿಟ್ಟು ಹಿಟ್ಟು. ವನಮಾಲೆಗೂ ಕೊಟ್ಟೆ. ಅವಳು ಚಹ ಒಂದು ಗುಟುಕು ಕುಡಿದು ಥೂ ಎಂದು ಉಗಿದಳು, "ನಿಮ್ಗ್ ಎಂತ ಮರ್ಲಾ?" ಎಂದು ಒಳಗೆ ಹೋದಳು. ನನಗೆ ಮಾತ್ರ ಬಹಳ ಖುಷಿಯಾಯಿತು. ಇದರ ಹೆಸರು ಮಧುನಾಶಿನಿಯಂತೆ. ಇಷ್ಟು ವರ್ಷ ಬೇಲಿಯಲ್ಲೇ ಇತ್ತು, ನಾನು ವರ್ಷಕ್ಕೆ ಎರಡು ಸಲ ಅದನ್ನು ಸವರಿ ಬಿಸಾಡುತ್ತಿದ್ದೆ.

ನನ್ನ ಕೆಲಸಕ್ಕೆ ಇದರಿಂದ ತೊಂದರೆಯೂ ಇಲ್ಲ. ನೈವೇದ್ಯಕ್ಕೆ ಮೊದಲು ಅಡಿಗೆಯನ್ನು ನಾಲಿಗೆಗೆ ಮುಟ್ಟಿಸುವಂತಿಲ್ಲವಷ್ಟೆ. ಬೆಲ್ಲ ಸಾಕೋ ಬೇಕೋ ಎಂದು ನನಗೆ ಹೇಳುವುದು ಮೂಗು. ಪಾಕ ಬಂತೋ ಇಲ್ಲವೋ ಎಂದು ಹೇಳುವುದು ಸಟ್ಟುಗ ಎಳೆಯುವಾಗಿನ ಭಾರ. ನಾಲಿಗೆ ಇದ್ದರೂ ಒಂದೇ, ಸತ್ತರೂ ಒಂದೇ.

೩೦ ನವೆಂಬರ್, ಆದಿತ್ಯವಾರ

ಮಗಳು ಶ್ರೀವಾಣಿ ಹಾಸ್ಟೆಲಿನಿಂದ ಬಂದಿದ್ದಾಳೆ. ಫಾರ್ಮಸಿ ಓದುತ್ತಿರುವವಳು, ಬಳ್ಳಿಯನ್ನು ನೋಡಿ ಅವಳಿಗೇ ಸಂಭ್ರಮ. ಎಲೆಯನ್ನು ತಿರುವಿ ಅದರ ನವಿರು ರೋಮ ತೋರಿಸಿದಳು, ತೊಟ್ಟು ಮುರಿದು ಹಾಲು ತೋರಿಸಿದಳು.

ಅವಳು ಹೇಳಿದ್ದನ್ನು ಬರೆದಿಡುತ್ತೇನೆ, ಆ ಡಾಕ್ಟರಿಗೆ ಹೇಳಲಿಕ್ಕೆ ಬೇಕು. ನಾಲಿಗೆಯ ಮೇಲೆ ಸಿಹಿ ಹಿಡಿಯುವ ಜಾಗಗಳಿವೆ. ಸಕ್ಕರೆ ಅಲ್ಲಿ ಹೋಗಿ ಕೂತರೆ ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಈ ಎಲೆಯಲ್ಲಿ ಜಿಮ್ನೆಮಿಕ್ ಆಮ್ಲಗಳು ಎಂಬ ಒಂದು ಗುಂಪು ಇದೆ, ಅಂಟುವಾಳಕಾಯಿಯಲ್ಲಿ ನೊರೆ ಬರಿಸುತ್ತದಲ್ಲ, ಆ ಸಪೋನಿನ್ ಜಾತಿಯದ್ದು. ಅವು ಮೊದಲೇ ಹೋಗಿ ಆ ಜಾಗ ಹಿಡಿದು ಕೂರುತ್ತವೆ. ಪಂಕ್ತಿಯಲ್ಲಿ ಎಲೆ ಮುಂದೆ ಕೂತವ ಏಳದೆ ತಡವಾಗಿ ಬಂದವನಿಗೆ ಜಾಗ ಎಲ್ಲಿ? ಸಕ್ಕರೆ ಬಾಗಿಲಲ್ಲೇ ನಿಲ್ಲಬೇಕು. ಒಂದರ್ಧ ಗಂಟೆಯಲ್ಲಿ ಆಮ್ಲ ಎದ್ದು ಹೋಗುತ್ತದೆ, ರುಚಿ ವಾಪಸು ಬರುತ್ತದೆ. ಕರುಳಿನಲ್ಲಿಯೂ ಹೀಗೇ ಸಕ್ಕರೆಯನ್ನು ಸ್ವಲ್ಪ ತಡೆಯುತ್ತದಂತೆ. ಇನ್ಸುಲಿನ್ ಮಾಡುವ ಗ್ರಂಥಿಗೂ ಉಪಕಾರ ಇರಬಹುದಂತೆ, ಆ ಬಗ್ಗೆ ಸಂಶೋಧನೆಯೂ ಆಗಿದೆಯಂತೆ.

"ಹಾಂಗಾರೆ ವಿಜ್ಞಾನವೇ ಒಪ್ಪಿತ್ತ್ ಅಂದಾಯ್ತ್" ಎಂದೆ.

"ಒಪ್ಪಿತ್ತ್ ಅಪ್ಪಯ್ಯ, ಆದ್ರೆ..." ಎಂದು ಶುರು ಮಾಡಿದಳು. ಈ ಓದಿದವರು ಏನು ಹೇಳಿದರೂ ಕೊನೆಗೊಂದು ಆದ್ರೆ ಇರುತ್ತದೆ. ಅಷ್ಟರಲ್ಲಿ ಹಾಲು ಉಕ್ಕಿತು, ನಾನು ಒಳಗೆ ಹೋದೆ. ಹಿಂದಿನಿಂದ ಗುಳಿಗೆ ಬಿಡಬಾರದು ಎಂದೇನೋ ಕೂಗಿದಳು.

ಬೆಳಿಗ್ಗೆ ನಾಲ್ಕು ಎಲೆ, ಸಂಜೆ ನಾಲ್ಕು ಎಲೆ. ಗುಳಿಗೆಯ ಪಟ್ಟಿ ಮೇಜಿನ ಖಾನೆಯಲ್ಲಿ ಮಲಗಿರಲಿ.

೧೧ ಡಿಸೆಂಬರ್, ಗುರುವಾರ

ಪಾದದ ಉರಿ ಹೋಗಿದೆ! ಎಷ್ಟು ದಿನದಿಂದ ಒದ್ದೆ ಬಟ್ಟೆ ಸುತ್ತಿಕೊಂಡು ಮಲಗುತ್ತಿದ್ದೆ. ಈಗ ಉರಿಯೂ ಇಲ್ಲ, ಚುಚ್ಚುವುದೂ ಇಲ್ಲ. ಹತ್ತಿಯ ಮೇಲೆ ನಡೆದ ಹಾಗೆ ಹಾಯಾಗಿದೆ. ಆ ಹುಡುಗ ಡಾಕ್ಟರು ವರ್ಷಗಟ್ಟಲೆ ಗುಳಿಗೆ ನುಂಗಿಸಿ ಮಾಡಲಾಗದ್ದನ್ನು ಬೇಲಿಯ ಎಲೆ ಮೂರು ವಾರದಲ್ಲಿ ಮಾಡಿತು.

ಸಿಹಿಯ ಮೇಲೆ ಆಸೆಯೂ ಇಲ್ಲ. ಮೊನ್ನೆ ಸತ್ಯನಾರಾಯಣ ಪೂಜೆಯಲ್ಲಿ ಸಪಾದ ಭಕ್ಷ್ಯದ ಬಾಣಲೆ ತಳ ನಾನು ಕೆರೆಯಲೇ ಇಲ್ಲ. ಪದ್ದು ಕೆರೆದು ತಿಂದ. ತಿನ್ನಲಿ.

೨೯ ಡಿಸೆಂಬರ್, ಸೋಮವಾರ

ಅಂಗಿಗಳೆಲ್ಲ ದೊಗಳೆಯಾಗಿವೆ. ಬ್ರಹ್ಮಾವರದ ಬಸ್ಸಿನಲ್ಲಿ ಸಿಕ್ಕಿದ ಗುರುತಿನವರೊಬ್ಬರು "ಸಪೂರ ಆಯ್ರಲೆ" ಎಂದರು. ಹರೆಯ ವಾಪಸು ಬರುತ್ತಿದೆ ಎಂದೆ. ಅವರು ನಗಲಿಲ್ಲ. ಹೊಟ್ಟೆಕಿಚ್ಚಿರಬೇಕು.

ಬಾಯಾರಿಕೆ ಮಾತ್ರ ಹೆಚ್ಚು. ಈ ಸಲ ಚಳಿಗಾಲದಲ್ಲೇ ಸೆಕೆ. "ಹ್ವಾಯ್, ಎಷ್ಟ್ ನೀರ್ ಕುಡಿತ್ರಿ? ಬಾವಿ ಬತ್ತಿ ಹೋತ್ತ್" ಎಂದು ವನಮಾಲೆ ತಮಾಷೆ ಮಾಡಿದಳು. ಆಮೇಲೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ರಕ್ತ ಪರೀಕ್ಷೆ ಮಾಡಿಸಿ ಬನ್ನಿ ಎಂದಳು. ನಾಳೆ ನೋಡಿದರಾಯಿತು.

೧೮ ಜನವರಿ ೨೦೦೯, ಆದಿತ್ಯವಾರ

ಬ್ರಹ್ಮಾವರದ ಹತ್ತಿರ ಒಂದು ಮದುವೆಯ ಅಡಿಗೆ ಮುಗಿಸಿ ಬಂದೆ. ಕಾಯಿ ಹೋಳಿಗೆ, ಗುಳ್ಳದ ಹುಳಿ, ಎಲ್ಲದಕ್ಕೂ ಜನ ಸೈ ಎಂದರು. ಆದರೆ ಬರೆಯಲು ಕೂತದ್ದು ಬೇರೆ ವಿಷಯಕ್ಕೆ.

ಕೈಯಲ್ಲಿ ಸಟ್ಟುಗ ಇರುವಾಗ ಒಲೆಯ ಕೊಳ್ಳಿಯನ್ನು ಕಾಲಿನ ಬೆರಳಲ್ಲೇ ಮುಂದೆ ದೂಡುವುದು ನಮ್ಮ ಕಸುಬಿನವರ ಅಭ್ಯಾಸ. ತುದಿ ಮುಟ್ಟಿ ತಟಕ್ಕನೆ ಕಾಲು ತೆಗೆಯಬೇಕು, ಅಷ್ಟೇ. ಇವತ್ತು ಹಾಗೆ ದೂಡಿ ಹೂರಣ ತಿರುವುತ್ತಿದ್ದೆ. ಏನೋ ಸುಟ್ಟ ವಾಸನೆ ಬಂತು. ಕೂದಲು ಸುಟ್ಟ ಹಾಗೆ, ಚರ್ಮ ಸುಟ್ಟ ಹಾಗೆ. "ಯಾರದು ಒಲೆಗೆ ಎಂತ ಹಾಕಿದ್ದ್?" ಎಂದು ಎಲ್ಲರಿಗೂ ಬೈದೆ.

"ಭಾವ! ಕಾಲ್! ಕಾಲ್ ತೆಗಿನಿ!" ಎಂದು ಪದ್ದು ನನ್ನನ್ನು ಹಿಡಿದು ಹಿಂದಕ್ಕೆ ಎಳೆದ.

ನೋಡಿದರೆ ನನ್ನ ಬಲಗಾಲಿನ ಹೆಬ್ಬೆರಳಿನ ಕೆಳಗೆ ಕೆಂಡ. ನಾನು ಅದರ ಮೇಲೆಯೇ ನಿಂತಿದ್ದೆ. "ನೋಯ್ತಿಲ್ಯಾ ಭಾವ? ಗೊತ್ತೇ ಆಯ್ಲಿಲ್ಯಾ?" ಎಂದು ಪದ್ದು ಕೇಳಿದ. ಅವನ ಮುಖ ಬಿಳುಚಿಕೊಂಡಿತ್ತು. ನಾನು ನಕ್ಕೆ. ಇಷ್ಟು ವರ್ಷ ಒಲೆ ಬುಡದಲ್ಲಿ ನಿಂತ ಕಾಲು ಇದು, ಕೆಂಡವೇ ಹೆದರಬೇಕು ಎಂದೆ. ಬಡಿಸುವವರೆಲ್ಲ ಬಂದು ನೋಡಿ ಕೈ ಮುಗಿದರು. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯೇ ಆಯಿತು.

ಸಣ್ಣ ಬೊಕ್ಕೆ ಎದ್ದಿದೆ. ಲೋಳೆಸರ ಹಚ್ಚಿದ್ದೇನೆ.

೨೬ ಜನವರಿ, ಸೋಮವಾರ

ಬೊಕ್ಕೆ ಒಡೆದಿದೆ. ನೋವು ಸ್ವಲ್ಪವೂ ಇಲ್ಲ, ಹಾಗಾಗಿ ಗುಣವಾಗುತ್ತಿದೆ ಎಂದು ಲೆಕ್ಕ. ಅಂಚು ಸ್ವಲ್ಪ ಕಪ್ಪಾಗಿದೆ, ಸುಟ್ಟದ್ದು ಕಪ್ಪಾಗದೆ ಬಿಳಿಯಾಗುತ್ತದೆಯೇ? ಅರಸಿನ ಎಣ್ಣೆ ಹಾಕಿ ಬಟ್ಟೆ ಕಟ್ಟಿದ್ದೇನೆ.

ಪದ್ದು ಬಂದು ಅಂಗಳದಲ್ಲಿ ನಿಂತು ಆಸ್ಪತ್ರೆಗೆ ಹೋಪ, ರಿಕ್ಷಾ ತಂದಿದ್ದೇನೆ ಎಂದ. ನಾನು ಬೇಡ ಎಂದೆ. ಅವ ಬಿಡಲಿಲ್ಲ. "ಅಕ್ಕನ ಮೇಲಾಣೆ ಭಾವ, ಒಂದ್ ಸಲ ತೋರ್ಸಿ ಬಪ್ಪ" ಎಂದ. ನನಗೆ ಸಿಟ್ಟು ನೆತ್ತಿಗೇರಿತು.

"ನನ್ನನ್ ಮಂಚದ ಮೇಲ್ ಮಲ್ಗ್ಸಿ ಬಿಜೂರಿಗೆ ನೀ ಹೋಪ್ಕೆ ಅಲ್ದಾ ಈ ಉಪಚಾರ?" ಎಂದು ಕೇಳಿಯೇಬಿಟ್ಟೆ.

ಪದ್ದು ತಿರುಗಿ ಅಂಗಳ ದಾಟಿದ. ಬಂದ ರಿಕ್ಷಾದಲ್ಲೇ ಹೋದ. ವನಮಾಲೆ ಮಧ್ಯಾಹ್ನ ಬಡಿಸಿ, ಪಾತ್ರೆ ಕುಕ್ಕಿ ಒಳಗೆ ಹೋದಳು. ತಮ್ಮನ ಪರ. ಈ ಮನೆಯಲ್ಲಿ ನನ್ನ ಪರ ಇರುವುದು ಬೇಲಿಯ ಮೇಲಿನ ಬಳ್ಳಿ ಮಾತ್ರ. ಈಗ ಹೊತ್ತಿಗೆ ಆರು ಎಲೆ ಮಾಡಿದ್ದೇನೆ. ಒಂದಷ್ಟು ಒಣಗಿಸಿಯೂ ಇಟ್ಟುಕೊಂಡಿದ್ದೇನೆ, ಬಿಜೂರಿಗೆ ಹೋಗುವಾಗ ಬೇಕಾಗುತ್ತದೆ.

೧ ಫೆಬ್ರವರಿ, ಆದಿತ್ಯವಾರ

ಮನೆಯಲ್ಲಿ ಇಲಿ ಸತ್ತಿದೆ. ನಿನ್ನೆಯಿಂದ ವಾಸನೆ. ನನ್ನ ಮೂಗಿಗೆ ಮೋಸ ಮಾಡಲು ಸಾಧ್ಯವಿಲ್ಲ, ಅಟ್ಟದ ಮೇಲೆಯೇ ಎಲ್ಲೋ ಇದೆ. ವನಮಾಲೆ ಏಣಿ ಹಾಕಿ ಹತ್ತಿ, ಹಳೆ ಚಾಪೆ, ಕೊಪ್ಪರಿಗೆ ಎಲ್ಲ ಇಳಿಸಿದಳು. ಸಿಗಲಿಲ್ಲ. ಸರಿಯಾಗಿ ಹುಡುಕು ಎಂದು ಬೈದೆ. ಅವಳು ಏಣಿಯ ಮೇಲೆಯೇ ನಿಂತು ಅತ್ತಳು. ಇಲಿ ಸತ್ತದ್ದಕ್ಕೆ ಅಳುವ ಹೆಂಗಸನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ಮೈ ಬಿಸಿ ಇದೆ. ಬರೆಯಲು ಬೇಸರ.

೩ ಫೆಬ್ರವರಿ, ಮಂಗಳವಾರ

ಇಲಿ ಇನ್ನೂ ಸಿಕ್ಕಿಲ್ಲ. ಮಂಚವನ್ನು ಚಾವಡಿಗೆ ಹಾಕಿಸಿಕೊಂಡೆ. ವಾಸನೆ ಅಲ್ಲಿಗೂ ಬಂತು.

೮ ಫೆಬ್ರವರಿ, ಆದಿತ್ಯವಾರ. ಆಸ್ಪತ್ರೆ

ಪೆನ್ನು ಹಿಡಿಯಲು ಇವತ್ತು ಆಯಿತು.

ಬುಧವಾರ ಬೆಳಿಗ್ಗೆ ಶ್ರೀವಾಣಿ ಬಂದಳು. ತಾಯಿ ಫೋನ್ ಮಾಡಿ ಕರೆಸಿದ್ದು. ಚೀಲವನ್ನೂ ಕೆಳಗಿಡದೆ ಬಾಗಿಲಲ್ಲೇ ನಿಂತಳು. ಇಲಿ ಹುಡುಕು ಮಗಾ, ನಿನ್ನ ಅಮ್ಮನ ಕಣ್ಣಿಗೆ ಕಾಣುವುದಿಲ್ಲ ಎಂದೆ. ಅವಳು ಮಂಚದ ಬುಡದಲ್ಲಿ ಕೂತು ನನ್ನ ಕಾಲಿನ ಬಟ್ಟೆ ಬಿಚ್ಚಿದಳು.

"ಇಲಿ ಅಲ್ಲ ಅಪ್ಪಯ್ಯ. ನಿಮ್ ಕಾಲ್" ಎಂದಳು.

ಮೊಣಕಾಲಿನ ಕೆಳಗೆ ತೆಗೆದಿದ್ದಾರೆ. ಬಲಗಾಲು.

೧೧ ಫೆಬ್ರವರಿ, ಬುಧವಾರ

ಇಲ್ಲದ ಪಾದ ಉರಿಯುತ್ತಿದೆ. ಇದ್ದಾಗ ಕೆಂಡ ಮುಟ್ಟಿದರೂ ಸುಮ್ಮನಿತ್ತು, ಈಗ ಉರಿಯುತ್ತದಂತೆ. ನಗಬೇಕೋ ಅಳಬೇಕೋ.

ಇಲ್ಲಿಯ ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಉರಿ ಹೋದದ್ದು ಗುಣವಾಗಿ ಅಲ್ಲ, ನರ ಸತ್ತು ಎಂದು ವಿವರಿಸಿದರು. ಗುಳಿಗೆ ಯಾವಾಗ ಬಿಟ್ಟಿರಿ ಎಂದು ಕೇಳಿದರು. ಗೋಡೆಯ ಕಡೆ ತಿರುಗಿದೆ. ದಿನಕ್ಕೆ ಮೂರು ಹೊತ್ತು ಇಂಜೆಕ್ಷನ್.

ಪದ್ದು ದಿನಾ ಬಂದು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿರುತ್ತಾನಂತೆ. ಒಳಗೆ ಬರಲು ನಾನು ಹೇಳಿಲ್ಲ.

೨೨ ಫೆಬ್ರವರಿ, ಆದಿತ್ಯವಾರ. ಮನೆ

ಮನೆಗೆ ಕರೆದುಕೊಂಡು ಬಂದು, ಮಂಚವನ್ನು ಮತ್ತೆ ಒಳಕೋಣೆಗೆ ಹಾಕಿದರು. ಬೇಲಿ ಬೋಳು. ವನಮಾಲೆ ಬಳ್ಳಿಯನ್ನು ಬುಡ ಸಮೇತ ಅಗೆದು ತೆಗೆದು ಬಚ್ಚಲ ಒಲೆಗೆ ಹಾಕಿದ್ದಾಳೆ. ಶ್ರೀವಾಣಿಗೆ ಅದು ಸರಿ ಬರಲಿಲ್ಲ. "ಬಳ್ಳಿ ಎಂತ ಮಾಡ್ತ್ ಅಮ್ಮ? ಒಳ್ಳೇ ಬಳ್ಳಿಯೇ. ಗುಳಿಗೆ ಒಟ್ಟಿಗೆ, ಡಾಕ್ಟರಿಗೆ ಹೇಳಿ ತಕಂಡಿದ್ರೆ ಉಪ್ಕಾರವೇ ಆತಿತ್ತ್. ಸಿಹಿ ಗೊತ್ತಾಗ್ದ್ ಹಾಂಗ್ ಮಾಡುದ್ ಅದ್ರ ಗುಣ. ಸಕ್ರೆ ಇಲ್ಲ ಅಂದ್ ಅದ್ ಯಾರಿಗೂ ಹೇಳಿಲ್ಲೆ" ಎಂದಳು.

ತಾಯಿಗೆ ಹೇಳಿದ್ದು. ನಾನು ಕಣ್ಣು ಮುಚ್ಚಿ ಮಲಗಿದ್ದೆ.

ಸುಬ್ಬಣ್ಣ ಅಡಿಗರು ಫೋನ್ ಮಾಡಿ ಬಹಳ ಮರುಗಿದರು. ಮರುಗಿಯಾದ ಮೇಲೆ, ಹಾಗಾದರೆ ಪದ್ಮನಾಭನನ್ನೇ ಕಳಿಸುತ್ತೀರಲ್ಲ ಎಂದರು. ಅವನನ್ನು ಕಳಿಸುವುದಕ್ಕೆ ನಾನು ಯಾರು ಎಂದು ಕೇಳಬೇಕೆಂದಿದ್ದೆ. ಆಯ್ತು ಎಂದೆ.

೧ ಮಾರ್ಚ್, ಆದಿತ್ಯವಾರ

ಇವತ್ತು ಬಿಜೂರಿನ ಉಪನಯನ. ಬೆಳಿಗ್ಗೆಯಿಂದ ಮನಸ್ಸು ಅಲ್ಲೇ. ಈಗ ಬೇಳೆ ಬೆಂದಿರಬಹುದು, ಈಗ ಬೆಲ್ಲ ಬಿದ್ದಿರಬಹುದು, ಈಗ ತುಪ್ಪ. ಅಡಿ ಹಿಡಿಯಲಿ ಎಂದು ಒಮ್ಮೆ ಮನಸ್ಸಿನಲ್ಲಿ ಬಂತು. ಬಂದದ್ದನ್ನು ಬರೆಯುತ್ತಿದ್ದೇನೆ, ಇಲ್ಲಿ ಯಾರು ಓದುತ್ತಾರೆ.

ಸಂಜೆ ಗೇಟಿನ ಸದ್ದಾಯಿತು. ಪದ್ದುವಿನ ಕೆಮ್ಮು ನನಗೆ ಗೊತ್ತು. ಕೈಯಲ್ಲಿ ತೂಕುಪಾತ್ರೆ ಇದೆ ಎಂದು ಅದರ ಹಿಡಿಯ ಸದ್ದಿನಲ್ಲೇ ತಿಳಿಯಿತು. ನಾನು ಅಂಗಿಯ ಜೇಬಿಗೆ ಕೈ ಹಾಕಿದೆ. ಒಣಗಿಸಿಟ್ಟ ಎಲೆ ಅಲ್ಲೇ ಇತ್ತು, ವನಮಾಲೆಗೆ ಅದು ಗೊತ್ತಿರಲಿಲ್ಲ. ಅವ ಚಪ್ಪಲಿ ಬಿಟ್ಟು, ಕಾಲು ತೊಳೆದು, ಒಳಗೆ ಬರುವುದರೊಳಗೆ ಚೆನ್ನಾಗಿ ಅಗಿದು ನಾಲಿಗೆಗೆಲ್ಲ ಸವರಿಕೊಂಡು ನುಂಗಿದೆ. ಅವನ ಹಯಗ್ರೀವ ಕೆಟ್ಟಿದ್ದರೆ ಚಿಂತೆ ಇಲ್ಲ. ಚೆನ್ನಾಗಿದ್ದರೆ ನನಗೆ ತಡೆಯಲಿಕ್ಕಾಗುವುದಿಲ್ಲ, ಅದಕ್ಕೆ.

ಪದ್ದು ಬಂದವ ನನ್ನ ಕಾಲು ಮುಟ್ಟಲು ಬಗ್ಗಿದ. ಅರ್ಧಕ್ಕೇ ಅವನ ಕೈ ನಿಂತಿತು. ಆಮೇಲೆ ಎಡಗಾಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

"ಎಲ್ರೂ ಉಂಡ್ರ್ ಭಾವ. ಲಾಯ್ಕ್ ಆಯ್ತ್ ಅಂದ್ರ್. ಅವ್ರ್ ಹೇಳುದ್ ಇರ್ಲಿ, ನೀವ್ ಹೇಳ್ಕ್" ಎಂದ. ತೂಕುಪಾತ್ರೆಯ ಮುಚ್ಚಳ ತೆಗೆದ. "ನಾ ಇನ್ನೂ ಬಾಯಿಗ್ ಹಾಕ್ಲಿಲ್ಲೆ. ಕೊಪ್ಪರಿಗೆ ತಳವೂ ಕೆರಿಲಿಲ್ಲೆ. ವಾಸ್ನಿ ಕಂಡೇ ಬೆಲ್ಲ ಹಾಕ್ದೆ, ನೀವ್ ಹೇಳ್ಕೊಟ್ಟ್ ಹಾಂಗೇ."

ಶ್ರೀವಾಣಿ ಒಂದು ಚಮಚ, ಒಂದೇ ಎಂದಳು. ಬಾಯಿಗೆ ಹಾಕಿದೆ. ಬೇಳೆ ಹಿಟ್ಟು ಹಿಟ್ಟು, ಒದ್ದೆ ಹೊಯ್ಗೆಯ ಹಾಗೆ. ಎಲೆ ತನ್ನ ಕೆಲಸ ಚೆನ್ನಾಗಿಯೇ ಮಾಡಿತ್ತು. ಮೂವರೂ ನನ್ನ ಮುಖ ನೋಡುತ್ತಿದ್ದರು.

"ಹೊಯ್ಗಿ ತಿಂದ್ ಹಾಂಗ್ ಆತ್ತ್" ಎಂದೆ.

ಸುಳ್ಳಲ್ಲವಲ್ಲ. ಪದ್ದು ನಿಧಾನಕ್ಕೆ ಮುಚ್ಚಳ ಹಾಕಿದ. ಅಡಿಗೆಯ ವಿಷಯದಲ್ಲಿ ನನ್ನ ಮಾತಿನ ಮೇಲೆ ಅವ ಯಾವತ್ತೂ ವಾದ ಮಾಡಿದವನಲ್ಲ. "ಹಾಂಗಾರೆ ನಂಗ್ ಇನ್ನೂ ಬತ್ತಿಲ್ಲೆ ಅಂದಾಯ್ತ್. ಮುಂದಿನ ವಾರ ಹಟ್ಟಿಯಂಗಡಿ ಬದಿ ಒಂದ್ ಮನೆಯವ್ರ್ ಅಡ್ಗಿಗೆ ಕೇಂಡಿದ್ರ್. ಆತಿಲ್ಲೆ ಅಂದ್ ಹೇಳಿ ಬಿಡ್ತೆ" ಎಂದು ಎದ್ದ. ವನಮಾಲೆ ಚಹ ಕುಡಿದು ಹೋಗು ಎಂದರೂ ನಿಲ್ಲಲಿಲ್ಲ. ತೂಕುಪಾತ್ರೆಯನ್ನೂ ತೆಗೆದುಕೊಂಡು ಹೋದ.

ದೀಪ ಹಚ್ಚುವ ಹೊತ್ತಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಒಂದು ಬೇಳೆಯ ಚೂರು ನಾಲಿಗೆಗೆ ಬಂತು. ಸಿಹಿ. ಬೆಲ್ಲ ಒಂದು ಗುಂಜಿ ಹೆಚ್ಚಿಲ್ಲ, ಒಂದು ಗುಂಜಿ ಕಡಿಮೆ ಇಲ್ಲ. ಲವಂಗ ಕೊನೆಯಲ್ಲಿ ಸ್ವಲ್ಪವೇ. ನನ್ನ ಕೈಯದ್ದೇ. ನಾನು ಮಾಡಿದ್ದರೂ ಇದಕ್ಕಿಂತ ಚೆನ್ನಾಗಿ ಆಗುತ್ತಿರಲಿಲ್ಲ.

ಆ ಚೂರನ್ನು ನುಂಗದೆ ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡೆ.

ಪದ್ದುವಿಗೆ ಫೋನ್ ಮಾಡಿ ಹೇಳಬೇಕು. ಹಟ್ಟಿಯಂಗಡಿಯವರಿಗೆ ಅವ ಬೇಡ ಎನ್ನುವ ಮೊದಲೇ ಹೇಳಬೇಕು. ಫೋನು ಇರುವುದು ಚಾವಡಿಯಲ್ಲಿ. ವನಮಾಲೆಯನ್ನು ಕರೆದರೆ ತಂದುಕೊಡುತ್ತಾಳೆ.

ಇರಲಿ. ನಾಳೆ ನೋಡಿದರಾಯಿತು.